ಅಪ್ಪ ವೀಲ್‌ಚೇರ್‌ನಲ್ಲಿ ಮುಂದಕ್ಕೆ ಜಾರುತ್ತಲೇ ಇರುತ್ತಾರೆ, ಏನು ಮಾಡೋದು?

ಸೇಡಂ ರಸ್ತೆ (ಕಲಬುರಗಿ)

ನಮಸ್ಕಾರ ಎಲ್ಲರಿಗೂ. ಅಪ್ಪನಿಗೆ 71 ವರ್ಷ. ಲಕ್ವಾ ಹೊಡೆದ ಮೇಲೆ ಬಲಗೈ, ಬಲಗಾಲು ಎರಡೂ ಸೋತಿವೆ. ಮಾತು ಸ್ಪಷ್ಟ ಇದೆ, ನೆನಪು ನನಗಿಂತ ಚೆನ್ನಾಗಿದೆ. ದಾಲ್ ಮಿಲ್‌ನಲ್ಲಿ ಲೆಕ್ಕ ಬರೆದವರು, ಈಗಲೂ ದಿನಾ ತೊಗರಿ ರೇಟು ಕೇಳುತ್ತಾರೆ.

ತೊಂದರೆ ವೀಲ್‌ಚೇರ್‌ದು. ಬೆನ್ನು ಆನಿಸಿ ನೆಟ್ಟಗೆ ಕೂರಿಸಿ, ಒಳಗೆ ಹೋಗಿ ಬರುವಷ್ಟರಲ್ಲಿ ಸೊಂಟ ಮುಂದಕ್ಕೆ ಬಂದಿರುತ್ತದೆ. ಬೆನ್ನು ಬಾಗಿ, ಕುಂಡೆ ಸೀಟಿನ ತುದಿಯಲ್ಲಿ ಇರುತ್ತದೆ. ಹೋದ ವಾರ ಪೂರ್ತಿ ಜಾರಿ ನೆಲಕ್ಕೆ ಕೂತುಬಿಟ್ಟರು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಅವ್ವನಿಂದ ಎತ್ತೋಕೆ ಆಗಲ್ಲ, ನಾನು ಹಗಲೆಲ್ಲ ಕೆಲಸಕ್ಕೆ ಹೋಗಿರುತ್ತೇನೆ.

ಕುರ್ಚಿ ಮಾಮೂಲಿ ಮಡಚುವಂಥದ್ದು, ಕಪ್ಪು ರೆಕ್ಸಿನ್ ಸೀಟು. ಅಂಗಡಿಯವರು ನಾಲ್ಕು ಇಂಚಿನ ಫೋಮ್ ಹಾಕಿ ಅಂದರು. ಹಾಕಿದ ಮೇಲೆ ಜಾರೋದು ಜಾಸ್ತಿಯೇ ಆಗಿದೆ. ಬೆಲ್ಟ್ ಹಾಕಬೇಕಾ? ಯಾವ ಥರದ್ದು? ಗೊತ್ತಿದ್ದವರು ಹೇಳಿ.

ತೊಗರಿ ಹೊಲ (ಚಿತ್ತಾಪುರ)

ಇಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ಉದ್ದನೆ ಟವೆಲ್ ತಗೊಂಡು ಹೊಟ್ಟೆ ಮೇಲಿಂದ ಹಾಕಿ, ಕುರ್ಚಿ ಹಿಂದೆ ಗಂಟು ಕಟ್ಟಿ. ನಮ್ಮ ದೊಡ್ಡಪ್ಪನಿಗೆ ಹಾಗೇ ಕಟ್ಟುತ್ತಿದ್ದೆವು. ಎಲ್ಲೂ ಹೋಗಲಿಲ್ಲ.

ಅರ್ಧ ಚಹಾ (ಕಲಬುರಗಿ)

ಎಲ್ಲೂ ಹೋಗೋಕೆ ಆಗಲಿಲ್ಲ ಅನ್ನಿ ಅಣ್ಣಾ.

ನೈಟ್ ಡ್ಯೂಟಿ (ಕಲಬುರಗಿ)

ದಯವಿಟ್ಟು ಟವೆಲ್ ಬೇಡ. ನಾನು ದವಾಖಾನೆಯಲ್ಲಿ ನರ್ಸ್. ಹೊಟ್ಟೆಗೆ ಕಟ್ಟಿದರೆ ಸೊಂಟ ನಿಲ್ಲಲ್ಲ. ಸೊಂಟ ಟವೆಲ್ ಕೆಳಗಿಂದ ಜಾರಿ ಹೋಗುತ್ತದೆ. ಆಗ ಟವೆಲ್ ಎದೆಗೆ ಬರುತ್ತದೆ, ಆಮೇಲೆ ಕುತ್ತಿಗೆಗೆ. ಒಂದು ಕೈ ಸೋತವರು ಅದನ್ನು ಸರಿಸಿಕೊಳ್ಳೋಕೆ ಆಗಲ್ಲ. ಹೀಗೆ ಉಸಿರು ಕಟ್ಟಿ ಜೀವ ಹೋದ ಪ್ರಕರಣಗಳು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿವೆ. ಗಂಟು ಹಿಂದೆ ಇದ್ದರೆ ಇನ್ನೂ ಕೆಟ್ಟದ್ದು. ಮನೆಯಲ್ಲಿ ಒಬ್ಬರೇ ಇದ್ದಾಗ ಏನಾದರೂ ಆದರೆ ಬಿಚ್ಚೋರು ಯಾರು?

ತೊಗರಿ ಹೊಲ (ಚಿತ್ತಾಪುರ)

ಕಾರಿನಲ್ಲಿ ಬೆಲ್ಟ್ ಹಾಕಲ್ವಾ? ವಿಮಾನದಲ್ಲಿ ಹಾಕಲ್ವಾ? ಎಲ್ಲದಕ್ಕೂ ಹೆದರಿಸಿದರೆ ಹೇಗೆ ರೀ. ಬಿದ್ದು ಸೊಂಟ ಮುರಿದರೆ ಆಮೇಲೆ ನೀವೇ ಬಂದು ನೋಡುತ್ತೀರಾ?

ಮೂರನೇ ಗೇರ್ (ಬೀದರ್)

ನಾನೇ ವೀಲ್‌ಚೇರ್ ಬಳಸುವವನು, ಬೆನ್ನುಹುರಿಗೆ ಪೆಟ್ಟಾಗಿದೆ. ಬೆಲ್ಟೇ ಬೇಡ ಅಂತ ಯಾರೂ ಹೇಳುತ್ತಿಲ್ಲ ಅಣ್ಣಾ. ನಾನೂ ಹಾಕುತ್ತೇನೆ. ಆದರೆ ಹೊಟ್ಟೆಗಲ್ಲ. ಕೂತಾಗ ತೊಡೆ ಸೊಂಟಕ್ಕೆ ಸೇರುವ ಕಡೆ ಒಂದು ಮಡಿಕೆ ಬೀಳುತ್ತದಲ್ಲ, ಅಲ್ಲಿಗೆ. ಸೀಟೂ ಬೆನ್ನೂ ಸೇರುವ ಮೂಲೆ ಹತ್ತಿರ ಪಟ್ಟಿಯನ್ನು ಚೌಕಟ್ಟಿಗೆ ಬಿಗಿದಿದೆ. ಅದಕ್ಕೇ ಅದು ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ, ಸೊಂಟವನ್ನು ಕೆಳಕ್ಕೂ ಹಿಂದಕ್ಕೂ ಹಿಡಿಯುತ್ತದೆ. ಪಟ್ಟಿಗೂ ಮೈಗೂ ನಡುವೆ ಎರಡು ಬೆರಳು ಹೋಗಬೇಕು, ಅಷ್ಟೇ ಬಿಗಿ. ಬಕಲ್ ಮುಂದೆ, ನನ್ನ ಕೈಗೆ ಸಿಗುವ ಹಾಗೆ. ನಾನೇ ಹಾಕಿಕೊಳ್ಳುತ್ತೇನೆ, ನಾನೇ ಬಿಚ್ಚುತ್ತೇನೆ. ಕಾರಿನ ಬೆಲ್ಟೂ ನೀವೇ ಬಿಚ್ಚುತ್ತೀರಿ ಅಲ್ವಾ? ಬಿಚ್ಚೋಕೆ ಬಾರದ ಹಾಗೆ ಹಾಕಿದರೆ ಅದು ಕಟ್ಟಿಹಾಕೋದು.

ಸೇಡಂ ರಸ್ತೆಯವರೇ, ಅಪ್ಪ ಯಾಕೆ ಜಾರುತ್ತಾರೆ ಅಂತ ಅಪ್ಪನನ್ನೇ ಕೇಳಿದಿರಾ? ಮಾತು ಸ್ಪಷ್ಟ ಇದೆ ಅಂತೀರಿ.

ಅರ್ಧ ಚಹಾ (ಕಲಬುರಗಿ)

ಇದು ಪ್ರಶ್ನೆ ಅಂದ್ರೆ.

ಸೇಡಂ ರಸ್ತೆ (ಕಲಬುರಗಿ)

ಈಗಷ್ಟೇ ಕೇಳಿದೆ. "ಕುಂತು ಕುಂತು ಕುಂಡಿ ಎಲುಬು ಉರಿತದ. ಮತ್ತ ಕಾಲು ನೆಲಕ್ಕ ಹತ್ತಂಗಿಲ್ಲ" ಅಂದರು. ಕಾಲು ನೆಲಕ್ಕೆ ಯಾಕೆ ಹತ್ತಬೇಕು? ಫುಟ್‌ರೆಸ್ಟ್ ಇದೆಯಲ್ಲ?

ಫಿಜಿಯೋ ಅಕ್ಕ (ಯಾದಗಿರಿ)

ಅರ್ಧ ಉತ್ತರ ನಿಮ್ಮ ಅಪ್ಪನೇ ಹೇಳಿದ್ದಾರೆ. ಉಳಿದಿದ್ದಕ್ಕೆ ನನಗೆ ಕೆಲವು ವಿಷಯ ಬೇಕು. ಅವರು ಎಡಗಾಲಿಂದ ನೆಲ ತುಳಿದು ಕುರ್ಚಿ ಎಳೆದುಕೊಳ್ಳುತ್ತಾರಾ? ನೆಲದಿಂದ ಸೀಟಿನ ಮೇಲ್ಭಾಗಕ್ಕೆ ಎಷ್ಟು ಎತ್ತರ, ಫೋಮ್ ಸೇರಿಸಿ? ಅವರ ಮೊಣಕಾಲಿನ ಹಿಂದಿನ ಮಡಿಕೆಯಿಂದ ಹಿಮ್ಮಡಿವರೆಗೆ ಎಷ್ಟು? ಗಟ್ಟಿ ಬೆಂಚಿನ ಮೇಲೆ ಗೋಡೆಗೆ ಆನಿಸಿ ಕೂರಿಸಿ, ಕುಂಡೆಯ ಹಿಂಭಾಗದಿಂದ ಮೊಣಕಾಲಿನ ಹಿಂದಿನ ಮಡಿಕೆವರೆಗೆ ಅಳೆಯಿರಿ. ಆಮೇಲೆ ಸೀಟು ಹಿಂದಿನಿಂದ ಮುಂದಕ್ಕೆ ಎಷ್ಟು ಉದ್ದ ಇದೆ ನೋಡಿ. ಟೈಲರ್ ಟೇಪು ಸಾಕು.

ಶಹಾಬಾದ್ ಫರಸಿ

ಮನೆಯಲ್ಲಿ ಪಾಲಿಶ್ ಹೊಡೆದ ನಮ್ಮೂರ ಕಲ್ಲಿದ್ದರೆ ಅಪ್ಪ ಒಂದು ಸಲ ತುಳಿದರೆ ಸಾಕು, ಜಗತ್ ಸರ್ಕಲ್‌ನಲ್ಲಿ ಇರುತ್ತಾರೆ.

ಸೇಡಂ ರಸ್ತೆ (ಕಲಬುರಗಿ)

ಫರಸಿ ಕಲ್ಲೇ ಇದೆ ರೀ, ನಗಬೇಡಿ.

ಅಕ್ಕಾ, ಅಳೆದೆ. ಹೌದು, ಎಡಗಾಲಿಂದ ಎಳೆದುಕೊಳ್ಳುತ್ತಾರೆ. ಎಡಗಡೆ ಫುಟ್‌ರೆಸ್ಟ್ ಅವರೇ ಮಡಚಿಬಿಡುತ್ತಾರೆ. ಫೋಮ್ ಇಲ್ಲದೆ ಸೀಟು ನೆಲದಿಂದ ಹತ್ತಿರ ಹತ್ತಿರ 20 ಇಂಚು. ಫೋಮ್ ಮೇಲೆ ಅವರು ಕೂತಾಗ 23. ಮೊಣಕಾಲಿನಿಂದ ಹಿಮ್ಮಡಿಗೆ 16 ಮುಕ್ಕಾಲು. ತೊಡೆ ಉದ್ದ 16, ಸೀಟಿನ ಉದ್ದವೂ 16.

ಫಿಜಿಯೋ ಅಕ್ಕ (ಯಾದಗಿರಿ)

ಈಗ ನೋಡಿ. ಕಾಲಿನ ಉದ್ದ 17 ಇಂಚೂ ಇಲ್ಲ, ಕೂತಿರೋದು 23 ಇಂಚಿನ ಮೇಲೆ. ಕಾಲು ಗಾಳಿಯಲ್ಲಿ ನೇತಾಡುತ್ತದೆ. ಮುಂದೆ ಹೋಗಬೇಕು ಅಂದ್ರೆ ಕಾಲು ನೆಲಕ್ಕೆ ತಾಗಬೇಕು, ತಾಗಬೇಕು ಅಂದ್ರೆ ಸೊಂಟ ಮುಂದೆ ತರಬೇಕು. ಬೇರೆ ದಾರಿ ಇಲ್ಲ. ಫೋಮ್ ಹಾಕಿದ ಮೇಲೆ ಜಾಸ್ತಿ ಆಗಿದ್ದು ಇದಕ್ಕೇ. ಗಾದಿ ಒಳ್ಳೆಯದೇ, ಆದರೆ ಎತ್ತರ ಕೂಡಿಬಿಟ್ಟಿತು.

ಎರಡನೆಯದು ಸೀಟಿನ ಉದ್ದ. ಸೀಟಿನ ಮುಂದಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಜಾಗ ಇರಬೇಕು. ನಿಮ್ಮಲ್ಲಿ ಜಾಗವೇ ಇಲ್ಲ. ಅಂಚು ಚುಚ್ಚುತ್ತದೆ, ಮನುಷ್ಯ ತಾನಾಗಿಯೇ ಮುಂದೆ ಸರಿಯುತ್ತಾನೆ. ಸೊಂಟ ಮುಂದೆ ಬಂದ ತಕ್ಷಣ ಅದು ಹಿಂದಕ್ಕೆ ಉರುಳುತ್ತದೆ. ಆಗ ಭಾರವೆಲ್ಲ ಬಾಲಮೂಳೆ ಮೇಲೆ. "ಎಲುಬು ಉರಿತದ" ಅಂದರಲ್ಲ, ಅದು ಇದು. ಉರಿ ತಪ್ಪಿಸಿಕೊಳ್ಳೋಕೆ ಮತ್ತೆ ಜರುಗುತ್ತಾರೆ.

ಹಾಗಾಗಿ ಬೆಲ್ಟ್ ಕೊನೆಗೆ. ಮೊದಲು ಕುರ್ಚಿಯನ್ನು ಅವರ ಅಳತೆಗೆ ತರಬೇಕು. ಕಾಲಿಂದ ಎಳೆದುಕೊಳ್ಳೋದನ್ನು ಮಾತ್ರ ನಿಲ್ಲಿಸಬೇಡಿ. ಅದು ಅವರ ಓಡಾಟ.

ಮತ್ತೆ ಇವತ್ತೇ ಒಂದು ಕೆಲಸ ಮಾಡಿ. ಮಲಗಿಸಿ ಬಾಲಮೂಳೆ ಹತ್ತಿರ ಚರ್ಮ ನೋಡಿ. ನಮ್ಮ ಬಣ್ಣದಲ್ಲಿ ಕೆಂಪು ಕಾಣೋದು ಕಷ್ಟ. ಸುತ್ತಲಿಗಿಂತ ಕಪ್ಪಾಗಿ, ಬಿಸಿಯಾಗಿ, ಗಟ್ಟಿಯಾಗಿ ಇದೆಯಾ ಅಂತ ಮುಟ್ಟಿ ನೋಡಿ. ಕಲೆ ಹೋಗದಿದ್ದರೆ ಅಥವಾ ಚರ್ಮ ಒಡೆದಿದ್ದರೆ ಡಾಕ್ಟರಿಗೆ ತೋರಿಸಿ. ಅಲ್ಲಿವರೆಗೆ ಅದರ ಮೇಲೆ ಕೂರಿಸಬೇಡಿ.

ಅರ್ಧ ಚಹಾ (ಕಲಬುರಗಿ)

20 ಇಂಚಿನ ಕುರ್ಚಿ, 17 ಇಂಚಿನ ಕಾಲು. ಇದು ಕುರ್ಚಿಯಲ್ಲ, ಜಾರುಬಂಡಿ.

ತೊಗರಿ ಹೊಲ (ಚಿತ್ತಾಪುರ)

ಸರಿ, ಅಳತೆ ಮಾತು ಒಪ್ಪಿದೆ. ಆದರೆ ಹಳ್ಳಿಯಲ್ಲಿ ಯಾರು ಅಳೆದು ಕೊಡುತ್ತಾರೆ ಅಕ್ಕಾ? ನಾನು ಕಂಡ ಒಂದು ಶಿಬಿರದಲ್ಲಿ ಹತ್ತು ವರ್ಷದ ಹುಡುಗನಿಗೂ ಆರಡಿ ಗಂಡಸಿಗೂ ಒಂದೇ ಸೈಜು. ಹಾರ ಹಾಕಿದರು, ಫೋಟೋ ತೆಗೆದರು, ಲಾರಿ ಹತ್ತಿ ಹೋದರು. ಅಳತೆ ಅಂತ ಕೇಳಿದ್ದರೆ ಸಿಕ್ಕಿದ್ದೂ ಹೋಗುತ್ತಿತ್ತು.

ಫಿಜಿಯೋ ಅಕ್ಕ (ಯಾದಗಿರಿ)

ನಿಮ್ಮ ಸಿಟ್ಟು ನ್ಯಾಯವಾದದ್ದೇ. ವಿಶ್ವ ಆರೋಗ್ಯ ಸಂಸ್ಥೆ ವೀಲ್‌ಚೇರ್ ಕೊಡೋದು ಹೇಗೆ ಅಂತ 2008ರಲ್ಲೇ ಮಾರ್ಗಸೂಚಿ ತಂದಿದೆ, ಅದೂ ಹಣ ಕಡಿಮೆ ಇರುವ ನಮ್ಮಂಥ ಕಡೆಗಳಿಗೆ ಅಂತಲೇ. ಅಳೆಯೋದು, ಹೊಂದಿಸೋದು, ಬಳಸೋಕೆ ಕಲಿಸೋದು, ಆಮೇಲೆ ಮತ್ತೆ ಬಂದು ನೋಡೋದು, ಎಲ್ಲ ಸೇರಿ ಎಂಟು ಹಂತ. ಕೈಗೆ ಕುರ್ಚಿ ಕೊಟ್ಟು ಕಳಿಸೋದು ಅದರಲ್ಲಿ ಇಲ್ಲ.

ಬಿದರಿ ಬಟ್ಟಲು (ಬೀದರ್)

ನಮ್ಮ ಅತ್ತೆಯೂ ಜಾರುತ್ತಿದ್ದರು. ನಾವು ಮುಂದೆ ದಪ್ಪ, ಹಿಂದೆ ತೆಳು ಇರುವ ಇಳಿಜಾರು ಗಾದಿ ಮಾಡಿಸಿದೆವು. ಗಾದಿ ಹೊಲಿಯುವವರಿಗೆ ಹೇಳಿದರೆ ಫೋಮ್ ಓರೆಯಾಗಿ ಕತ್ತರಿಸಿ ಕೊಡುತ್ತಾರೆ. ಮುಂದೆ ಒಂದೂವರೆ ಇಂಚು ಜಾಸ್ತಿ ಇದ್ದರೆ ಸಾಕು. ಸೊಂಟ ಹಿಂದಕ್ಕೇ ಇರುತ್ತದೆ. ಎಲ್ಲರೂ ಇದನ್ನೇ ಮಾಡಿಸಿ ಅಂತ ನನ್ನ ಸಲಹೆ.

ನೈಟ್ ಡ್ಯೂಟಿ (ಕಲಬುರಗಿ)

ಎಲ್ಲರೂ ಅನ್ನಬೇಡಿ ಅಕ್ಕಾ. ಸೊಂಟದ ಕೀಲು ಬದಲಿಸಿದ ಆಪರೇಷನ್ ಆದವರಿಗೆ ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವ ಹಾಗೆ ಕೂರಬಾರದು ಅಂತ ಡಾಕ್ಟರು ಹೇಳಿರುತ್ತಾರೆ. ಕೀಲು ತಪ್ಪುವ ಅಪಾಯ. ಅಂಥವರಿಗೆ ಈ ಗಾದಿ ಕೇಳದೆ ಹಾಕಬಾರದು.

ಫಿಜಿಯೋ ಅಕ್ಕ (ಯಾದಗಿರಿ)

ನರ್ಸ್ ಹೇಳಿದ್ದು ಸರಿ. ಸೇಡಂ ರಸ್ತೆಯವರ ಅಪ್ಪನಿಗೂ ಅದು ಆಗಿಬರಲ್ಲ. ಮುಂದೆ ಎತ್ತರ ಮಾಡಿದರೆ ಕಾಲು ನೆಲದಿಂದ ಇನ್ನೂ ದೂರ. ಯಾರೋ ತಳ್ಳುವ ಕುರ್ಚಿಯಲ್ಲಿ ಕೂರುವವರಿಗೆ ಇಳಿಜಾರು ಗಾದಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಲಿಂದ ಎಳೆಯುವವರಿಗೆ ಅಲ್ಲ. ಎದ್ದು ನಿಲ್ಲೋಕೆ ಪ್ರಯತ್ನ ಮಾಡುವವರಿಗೂ ಕಷ್ಟ.

ಸುರಪುರದ ಅವ್ವ

ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ, ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗಲ್ಲ. ಅವನದು ಬೇರೆ ಥರ. ಬಾಗಿಲು ಬಡಿದರೂ ಸಾಕು, ಬೆಚ್ಚಿ ಕಾಲು ಸೆಟೆದು, ಬೆನ್ನು ಹಿಂದಕ್ಕೆ ಒತ್ತಿ ಸೀಟಿನಿಂದ ಜಾರಿಬಿಡುತ್ತಾನೆ. ಅವನ ಸೀಟಿನಲ್ಲಿ ಕುಂಡೆ ಮೂಳೆಗಳು ಕೂರೋಕೆ ಒಂದು ತಗ್ಗು, ಅದರ ಮುಂದೆ ಒಂದು ದಿಂಡು. ಮೂಳೆ ಆ ದಿಂಡಿಗೆ ತಡೆಯುತ್ತದೆ. ತೊಡೆಗಳ ನಡುವೆ ಮೆತ್ತನೆಯ ಚಿಕ್ಕ ಗೂಟವೂ ಇದೆ. ಅದು ಕಾಲು ಕತ್ತರಿ ಆಗದ ಹಾಗೆ ಇರೋದಕ್ಕೆ. ಜಾರೋದನ್ನು ಅದರಿಂದ ತಡೆಯಬೇಡಿ, ಆ ಜಾಗಕ್ಕೆ ನೋವಾಗುತ್ತದೆ ಅಂತ ಫಿಟ್ ಮಾಡಿದವರೇ ಹೇಳಿದ್ದರು. ಬೆಂಗಳೂರಿನ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳು ಇಂಥದ್ದನ್ನು ಅಳೆದು ಮಾಡುತ್ತವೆ. ನಮ್ಮ ಕಡೆಯಿಂದ ಹೋಗಿಬರೋದೇ ದೊಡ್ಡ ಖರ್ಚು.

ಕೇಳಬೇಕಿತ್ತು, ಬೇಸಿಗೆಯಲ್ಲಿ ಏನು ಮಾಡುತ್ತೀರಿ? ಮೇ ತಿಂಗಳಲ್ಲಿ ಬೆವರಿಗೆ ಎಲ್ಲ ಒದ್ದೆ.

ಮೂರನೇ ಗೇರ್ (ಬೀದರ್)

ರೆಕ್ಸಿನ್ ಮೇಲೆ ನೇರ ಕೂರಬೇಡಿ. ಗಾದಿಗೆ ಹತ್ತಿ ಬಟ್ಟೆಯ ಗವಸು, ಎರಡು ಜೊತೆ ಇಟ್ಟುಕೊಂಡು ದಿನಾ ಬದಲಿಸಿ. ನೈಲಾನ್ ನೈಟಿ, ನೈಲಾನ್ ಪ್ಯಾಂಟು ಜಾರುತ್ತವೆ. ಗಾದಿಯೇ ರೆಕ್ಸಿನ್ ಮೇಲೆ ಜಾರುತ್ತಿದ್ದರೆ ಕಾರ್ಪೆಟ್ ಕೆಳಗೆ ಹಾಕುವ ತೂತು ತೂತಿನ ರಬ್ಬರ್ ಮ್ಯಾಟ್ ಸಿಗುತ್ತದಲ್ಲ, ಅದನ್ನು ಗಾದಿ ಕೆಳಗೆ ಹಾಸಿ. ಗಾದಿ ಮೇಲೆ ಅಲ್ಲ. ಮೇಲೆ ಹಾಕಿದರೆ ಮೈ ಅಲ್ಲೇ ಅಂಟಿ, ಒಳಗಿನ ಮೂಳೆ ಮಾತ್ರ ಜರುಗಿ ಚರ್ಮ ಹರಿಯುತ್ತದೆ.

ಶಹಾಬಾದ್ ಫರಸಿ

ನಮ್ಮ ಮಾಮ ಟ್ಯೂಬ್ ಥರ ಗಾಳಿ ತುಂಬುವ ರಿಂಗ್ ದಿಂಬು ಬಳಸುತ್ತಾರೆ, ಮೆಡಿಕಲ್ ಶಾಪ್‌ನಲ್ಲಿ ಸಿಗೋದು. ಅದು ನಡೆಯುತ್ತಾ?

ನೈಟ್ ಡ್ಯೂಟಿ (ಕಲಬುರಗಿ)

ಕೂತು ಕೂತು ಆಗುವ ಹುಣ್ಣು ತಪ್ಪಿಸೋಕೆ ಅಂತಿದ್ದರೆ ಬೇಡ. ನಡುವೆ ತೂತು ಇರೋದರಿಂದ ಸುತ್ತಲಿನ ಅಂಚಿನ ಮೇಲೆ ಒತ್ತಡ ಜಾಸ್ತಿ ಬಿದ್ದು ರಕ್ತ ಓಡಾಟ ಕಡಿಮೆ ಆಗುತ್ತದೆ. ಜೊತೆಗೆ ಅದು ಅಲ್ಲಾಡುತ್ತದೆ, ಕೂತವರು ಒಂದು ಕಡೆ ವಾಲುತ್ತಾರೆ.

ಶಹಾಬಾದ್ ಫರಸಿ

ಮಾಮನಿಗೆ ಹೇಳಿದೆ. "ದುಡ್ಡು ಕೊಟ್ಟು ತಂದೀನಿ" ಅಂದ.

ಕಟ್ಟೆ ಪಂಚಾಯ್ತಿ (ಆಳಂದ)

ಹೊಸ ಕುರ್ಚಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಗ್ರಾಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು, ನಗರದಲ್ಲಿ ಯುಆರ್‌ಡಬ್ಲ್ಯು ಅಂತ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಮೊದಲು ಅವರನ್ನು ಹಿಡಿಯಿರಿ. ಯುಡಿಐಡಿ ಕಾರ್ಡು, ಅಂದ್ರೆ ಅಂಗವಿಕಲರ ಗುರುತಿನ ಚೀಟಿ, ಇಲ್ಲದಿದ್ದರೆ ಮಾಡಿಸಿ. ಅಂಗವೈಕಲ್ಯ 40 ಪ್ರತಿಶತ ಅಥವಾ ಅದಕ್ಕಿಂತ ಜಾಸ್ತಿ ಅಂತ ಬಂದರೆ, ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಗೆ ಅರ್ಜಿ ಹಾಕಬಹುದು. ಅದು 1981ರಿಂದ ಇದೆ, ಆದಾಯದ ಮಿತಿ ನೋಡುತ್ತಾರೆ. 60 ದಾಟಿದ ಬಿಪಿಎಲ್ ಹಿರಿಯರಿಗೆ 2017ರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆ ಬೇರೆ ಇದೆ. ಎರಡರಲ್ಲೂ ಬಹುಪಾಲು ಸಾಮಾನು ಬರೋದು ಇಂಥ ಸಾಧನ ಮಾಡುವ ಕಾನ್ಪುರದ ಸರ್ಕಾರಿ ಕಂಪನಿ ಅಲಿಮ್ಕೊದಿಂದ.

ಅರ್ಜಿ ಕೊಡುವಾಗ ಬರೀ "ವೀಲ್‌ಚೇರ್" ಅಂತ ಬರೆಯಬೇಡಿ. ಸೀಟಿನ ಅಗಲ, ಉದ್ದ, ಎತ್ತರ ಬರೆದು ಫಿಜಿಯೋ ಸಹಿ ಹಾಕಿಸಿ. ಆಮೇಲೆ ಸೈಜು ಸರಿ ಇಲ್ಲ ಅಂತ ವಾದ ಮಾಡೋಕೆ ಕಾಗದ ಕೈಯಲ್ಲಿ ಇರುತ್ತದೆ.

ತೊಗರಿ ಹೊಲ (ಚಿತ್ತಾಪುರ)

ಇದು ಕೆಲಸದ ಮಾತು. ಹಾಗಾದರೆ ಅಗಲ ಎಷ್ಟು ಬರೆಯಬೇಕು?

ಫಿಜಿಯೋ ಅಕ್ಕ (ಯಾದಗಿರಿ)

ಕೂತಾಗ ಸೊಂಟದ ಅತಿ ಅಗಲದ ಜಾಗ ಅಳೆದು ಒಂದು ಇಂಚು ಕೂಡಿಸಿ. ಜಾಸ್ತಿ ಅಗಲ ಇದ್ದರೆ ಒಂದು ಕಡೆ ವಾಲುತ್ತಾರೆ. ವಾಲಿದವರು ಓರೆಯಾಗಿ ಜಾರುತ್ತಾರೆ. ನಮ್ಮ ಕಡೆ ಸಣಕಲು ಅಜ್ಜಿಯರೆಲ್ಲ 18 ಇಂಚಿನ ಸೀಟಿನಲ್ಲಿ ಒಂದು ಮೂಲೆಗೆ ಒತ್ತಿಕೊಂಡು ಕೂತಿರೋದು ನೋಡಿ ನೋಡಿ ಸಾಕಾಗಿದೆ.

ಮೂರನೇ ಗೇರ್ (ಬೀದರ್)

ಕುರ್ಚಿ ಸರಿಯಾದರೂ ಊರು ಸರಿ ಇಲ್ಲವಲ್ಲ ಅಕ್ಕಾ. ರ‍್ಯಾಂಪ್ ಅಂದ್ರೆ 12 ಅಡಿ ಉದ್ದಕ್ಕೆ ಒಂದು ಅಡಿ ಏರಬೇಕು ಅಂತ ನಿಯಮ. ಇಲ್ಲಿ ಮೆಟ್ಟಿಲ ಮೇಲೆ ಸಿಮೆಂಟ್ ಸುರಿದು ರ‍್ಯಾಂಪ್ ಅಂತಾರೆ. ನಾನು ಒಂದು ಬ್ಯಾಂಕಿಗೆ ಹೋದರೆ ಇಳಿಯುವಾಗ ಗೆಳೆಯ ಕುರ್ಚಿ ತಿರುಗಿಸಿ, ನನ್ನ ಬೆನ್ನು ಇಳಿಜಾರಿನ ಕಡೆ ಮಾಡಿ, ಹಿಂದೆ ಹಿಂದೆ ಇಳಿಸುತ್ತಾನೆ. ಮುಂದಾಗಿ ಇಳಿಸಿದರೆ ನಾನು ಮೊದಲು, ಕುರ್ಚಿ ಆಮೇಲೆ.

ಶಹಾಬಾದ್ ಫರಸಿ

ಅದರ ಮೇಲೆ ನಮ್ಮೂರ ಕಲ್ಲು ಹಾಸಿ ಪಾಲಿಶ್ ಮಾಡಿರುತ್ತಾರೆ. ಮಳೆ ಬಂದರೆ ನಡೆಯುವವರೇ ಬೀಳುತ್ತಾರೆ. ರ‍್ಯಾಂಪಿಗೆ ಒರಟು ಮುಖದ ಕಲ್ಲು ಹಾಕಬೇಕು, ಅಥವಾ ಅಡ್ಡ ಗೀರು ಹೊಡೆಸಬೇಕು. ಕಲ್ಲಿನ ಮಷೀನಿನವರಿಗೆ ಅದು ಐದು ನಿಮಿಷದ ಕೆಲಸ.

ಬಿದರಿ ಬಟ್ಟಲು (ಬೀದರ್)

ನಮ್ಮ ಅತ್ತೆಗೆ ಒಮ್ಮೆ ನರಸಿಂಹ ಝರಣಿ ನೋಡಬೇಕು ಅಂತ ಭಾಳ ಆಸೆ. ಗುಹೆಯೊಳಗೆ ಎದೆಮಟ್ಟ ನೀರಲ್ಲಿ ನಡೆಯಬೇಕು. ಹೊರಗಿಂದಲೇ ಕೈ ಮುಗಿಸಿ ಕರೆತಂದೆವು. ಆಮೇಲೆ ಗುರುದ್ವಾರಕ್ಕೆ ಹೋದೆವು, ನಾನಕ್ ಝೀರಾಕ್ಕೆ. ಅಲ್ಲಿ ಲಂಗರ್‌ನಲ್ಲಿ ಊಟ ಮಾಡಿದ್ದನ್ನೇ ಈಗಲೂ ಹೇಳುತ್ತಿರುತ್ತಾರೆ.

ಅರ್ಧ ಚಹಾ (ಕಲಬುರಗಿ)

ಅಪ್ಪನ ಗುಡಿ (ಶರಣಬಸವೇಶ್ವರ ಗುಡಿ) ಜಾತ್ರೆಗೆ ವೀಲ್‌ಚೇರ್ ಒಯ್ದವರು ಇದ್ದಾರಾ? ತೇರು ಎಳೆಯೋ ದಿನ ನಿಂತವರೇ ನಿಲ್ಲೋಕೆ ಆಗಲ್ಲ.

ಕಟ್ಟೆ ಪಂಚಾಯ್ತಿ (ಆಳಂದ)

ತೇರಿನ ದಿನ ಬಿಟ್ಟು ಮರುದಿನ ಬೆಳಿಗ್ಗೆ ಹೋಗಬೇಕು. ಜಾತ್ರೆ ಅಂಗಡಿಗಳು ಹೇಗೂ ಭಾಳ ದಿನ ಇರುತ್ತವೆ.

ನಿರ್ವಾಹಕರು

ಜಾತ್ರೆಗೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಜಾರುವ ವಿಷಯ.

ಸೇಡಂ ರಸ್ತೆ (ಕಲಬುರಗಿ)

ಎಲ್ಲರಿಗೂ ಥ್ಯಾಂಕ್ಸ್ ರೀ. ಚರ್ಮ ನೋಡಿದೆ, ಸ್ವಲ್ಪ ಕಪ್ಪಾಗಿದೆ, ಒಡೆದಿಲ್ಲ. ನಾಳೆ ಡಾಕ್ಟರಿಗೆ ತೋರಿಸುತ್ತೇನೆ. ಈಗ ಹೊಸ ಕುರ್ಚಿ ಬರುವವರೆಗೆ ಇದನ್ನೇ ತಗ್ಗಿಸೋಕೆ ಆಗುತ್ತಾ? ಗೆಳೆಯನದು ವೆಲ್ಡಿಂಗ್ ಅಂಗಡಿ ಇದೆ.

ಫಿಜಿಯೋ ಅಕ್ಕ (ಯಾದಗಿರಿ)

ಆಗುತ್ತದೆ. ಹಿಂದಿನ ದೊಡ್ಡ ಚಕ್ರದ ಅಚ್ಚು ಕೂರಿಸುವ ಕಡೆ ಒಂದಕ್ಕಿಂತ ಜಾಸ್ತಿ ತೂತು ಇವೆಯಾ ನೋಡಿ. ಮುಂದಿನ ಚಿಕ್ಕ ಚಕ್ರದ ಕವಲಿನಲ್ಲೂ ನೋಡಿ. ಇದ್ದರೆ ಅಚ್ಚನ್ನು ಮೇಲಿನ ತೂತಿಗೆ ಹಾಕಿ, ಕುರ್ಚಿ ಕೆಳಗೆ ಬರುತ್ತದೆ. ಹಿಂದೆ ಎಷ್ಟು ಇಳಿಸುತ್ತೀರೋ ಮುಂದೆಯೂ ಅಷ್ಟೇ ಇಳಿಸಬೇಕು. ಹಿಂದೆ ಎತ್ತರ, ಮುಂದೆ ತಗ್ಗು ಆದರೆ ಇನ್ನೂ ಜಾರುತ್ತಾರೆ. ಇಳಿಸಿದ ಮೇಲೆ ಬ್ರೇಕ್ ಚಕ್ರಕ್ಕೆ ಸರಿಯಾಗಿ ಕಚ್ಚುತ್ತದಾ ನೋಡಿ, ಅದನ್ನೂ ಸರಿಸಬೇಕಾಗುತ್ತದೆ.

ಆಮೇಲೆ ಸೀಟು. ರೆಕ್ಸಿನ್ ಜೋತು ಬಿದ್ದಿರುತ್ತದೆ, ಅದರಲ್ಲಿ ಸೊಂಟ ನೆಟ್ಟಗೆ ನಿಲ್ಲಲ್ಲ. ಅದನ್ನು ತೆಗೆದು 12 ಎಂಎಂ ಪ್ಲೈವುಡ್ ಹಲಗೆ ಮಾಡಿಸಿ. ನಾಲ್ಕು ಮೂಲೆಗೆ ಕಬ್ಬಿಣದ ಕೊಕ್ಕೆ ಹಾಕಿ, ಸೀಟಿನ ಎರಡೂ ಪಕ್ಕದ ಕೊಳವೆಗಳಿಂದ ಒಂದೂವರೆ ಇಂಚು ಕೆಳಗೆ ತೂಗುವ ಹಾಗೆ. ಕೆಳಗಿನ ಕತ್ತರಿ ಕಂಬಿಗೆ ತಾಗಬಾರದು. ಹಲಗೆ ಎತ್ತಿದರೆ ಕುರ್ಚಿ ಮೊದಲಿನ ಹಾಗೇ ಮಡಚಬಹುದು. ಅದರ ಮೇಲೆ ಎರಡು ಇಂಚಿನ ಗಟ್ಟಿ ಫೋಮ್. ಬರೀ ಹಲಗೆ ಮೇಲೆ ಯಾವತ್ತೂ ಕೂರಿಸಬೇಡಿ. ಕೂತ ಮೇಲೆ ಕುಂಡೆ ಮೂಳೆ ಕೆಳಗೆ, ಫೋಮಿನ ಅಡಿಯಲ್ಲಿ ಕೈ ಹಾಕಿ. ಮೂಳೆ ಚುಚ್ಚಿದ ಹಾಗೆ ಕೈಗೆ ಸಿಕ್ಕರೆ ಆ ಫೋಮ್ ಸಾಲದು.

ಬೆನ್ನಿಗೆ ಎರಡು ಇಂಚು ದಪ್ಪದ ಗಟ್ಟಿ ಒರಗು ಕೊಟ್ಟರೆ ಸೀಟಿನ ಉದ್ದ 14ಕ್ಕೆ ಬರುತ್ತದೆ. ತೊಡೆ 16, ಸೀಟು 14, ಸರಿಹೋಯಿತು. ಎಡಗಡೆ ಫುಟ್‌ರೆಸ್ಟ್ ಮಡಚೋದಲ್ಲ, ತೆಗೆದೇ ಇಡಿ. ಬಲಗಾಲಿಗೆ ಇರಲಿ. ಬಲಗಾಲನ್ನು ಮುಂದಕ್ಕೆ ಚಾಚಿ ಎತ್ತರಕ್ಕೆ ಇಡಬೇಡಿ. ಬಾವು ಬಂತು ಅಂತ ಕಾಲು ಚಾಚಿ ಇಡುತ್ತಾರೆ, ತೊಡೆ ಹಿಂದಿನ ಸ್ನಾಯು ಬಿಗಿದು ಸೊಂಟವನ್ನೇ ಮುಂದಕ್ಕೆ ಎಳೆಯುತ್ತದೆ.

ಸೋತ ಬಲಗೈಗೆ ತೊಡೆ ಮೇಲೆ ಒಂದು ದಿಂಬು ಅಥವಾ ಟ್ರೇ ಕೊಡಿ. ನೇತಾಡಿದರೆ ಭುಜ ಕೀಲಿಂದ ಇಳಿಯುತ್ತದೆ, ಮೈಯೂ ಆ ಕಡೆ ವಾಲುತ್ತದೆ.

ತೊಗರಿ ಹೊಲ (ಚಿತ್ತಾಪುರ)

ಒಂದು ಕೇಳಲೇ ಅಕ್ಕಾ, ಜಾರಿದವರನ್ನು ಮೇಲೆ ಎಳೆಯೋದು ಹೇಗೆ? ನಾವು ಹಿಂದೆ ನಿಂತು ಕಂಕುಳಿಗೆ ಕೈ ಹಾಕಿ ಎಳೆಯುತ್ತಿದ್ದೆವು.

ನೈಟ್ ಡ್ಯೂಟಿ (ಕಲಬುರಗಿ)

ಲಕ್ವಾ ಆದವರಿಗೆ ಅದು ಬೇಡವೇ ಬೇಡ. ಭುಜ ಹಾಳಾಗುತ್ತದೆ. ನಿಮ್ಮ ಬೆನ್ನೂ ಹೋಗುತ್ತದೆ.

ಎರಡೂ ಬ್ರೇಕ್ ಹಾಕಿ. ಫುಟ್‌ರೆಸ್ಟ್ ಸರಿಸಿ, ಎರಡೂ ಪಾದ ನೆಲದ ಮೇಲೆ, ಮೊಣಕಾಲಿಗಿಂತ ಸ್ವಲ್ಪ ಹಿಂದೆ ಇಡಿ. ನೀವು ಎದುರಿಗೆ ಬಗ್ಗಿ ನಿಲ್ಲಿ. ಅವರು ಮುಂದಕ್ಕೆ ಬಾಗಬೇಕು, ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು. ಎಲ್ಲರೂ ಹಿಂದಕ್ಕೆ ಬಾಗು ಅಂತಾರೆ, ಅದು ಉಲ್ಟಾ. ಮುಂದೆ ಬಾಗಿದಾಗಲೇ ಕುಂಡೆಯ ಭಾರ ಹಗುರಾಗುತ್ತದೆ. ಆಗ ಎಡಗಡೆ ಭಾರ ಹಾಕಿಸಿ ಬಲ ಸೊಂಟವನ್ನು ಹಿಂದಕ್ಕೆ ದೂಡಿ. ಆಮೇಲೆ ಬಲಗಡೆ ಭಾರ, ಎಡ ಸೊಂಟ ಹಿಂದಕ್ಕೆ. ಮೊಣಕಾಲಿನ ಕೆಳಗೆ ಕೈ ಇಟ್ಟು ತಳ್ಳಬಹುದು. ಹೀಗೆ ಒಂದೊಂದು ಕಡೆ ಸರಿಸಿದರೆ ಅವ್ವನೂ ಮಾಡಬಹುದು, ಎತ್ತೋ ಮಾತೇ ಇಲ್ಲ. ಪೂರ್ತಿ ನೆಲಕ್ಕೆ ಬಿದ್ದಿದ್ದರೆ ಮಾತ್ರ ಅವ್ವ ಒಬ್ಬರೇ ಎತ್ತಬಾರದು, ಪಕ್ಕದವರನ್ನು ಕರೆಯಲಿ.

ಬಿದರಿ ಬಟ್ಟಲು (ಬೀದರ್)

ಮೂಗು ಕಾಲ್ಬೆರಳಿಗೆ! ಇದನ್ನು ದವಾಖಾನೆಯಲ್ಲಿ ಯಾರೂ ಹೇಳಿರಲಿಲ್ಲ.

ಮೂರನೇ ಗೇರ್ (ಬೀದರ್)

ನನ್ನಂಥ ಬೆನ್ನುಹುರಿ ಪೆಟ್ಟಿನವರಿಗೆ ಒಂದು ಮಾತು. ಕಾಲು ಸೆಟೆಯೋದು, ನಡುಗೋದು ದಿಢೀರಂತ ಜಾಸ್ತಿಯಾಗಿ ಜಾರೋಕೆ ಶುರುವಾದರೆ ಕುರ್ಚಿ ನೋಡುತ್ತಾ ಕೂರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಕಾಣದ ಕಡೆ ಹುಣ್ಣು, ಉಗುರು ಒಳಗೆ ಬೆಳೆದಿರೋದು ಯಾವುದಾದರೂ ಇರಬಹುದು. ನಮಗೆ ನೋವು ಗೊತ್ತಾಗಲ್ಲ, ಕಾಲು ಹಾಗೆ ಹೇಳುತ್ತದೆ.

ಸುರಪುರದ ಅವ್ವ

ಹೌದು. ಮಗನಿಗೂ ಮಲಬದ್ಧತೆ ಆದ ದಿನ ಸೆಟೆಯೋದು ಜಾಸ್ತಿ.

ತೊಗರಿ ಹೊಲ (ಚಿತ್ತಾಪುರ)

ಇಷ್ಟೆಲ್ಲ ಮಾಡಿದ ಮೇಲೂ ಜಾರಿದರೆ?

ಫಿಜಿಯೋ ಅಕ್ಕ (ಯಾದಗಿರಿ)

ಆಗ ಎಷ್ಟು ಹೊತ್ತು ಕೂತಿದ್ದಾರೆ ನೋಡಿ. ಬೆಳಿಗ್ಗೆ ಕೂರಿಸಿ ಸಂಜೆ ಎಬ್ಬಿಸಿದರೆ ಯಾರಾದರೂ ಜಾರುತ್ತಾರೆ. ಸುಸ್ತಾದರೆ ಮಲಗಿಸಿ, ಮಧ್ಯಾಹ್ನ ಊಟದ ಮೇಲೆ ಹಾಸಿಗೆ ಬೇಕೇ ಬೇಕು. ಕೂತಾಗಲೂ ಅರ್ಧ ಗಂಟೆಗೊಮ್ಮೆ ಮುಂದಕ್ಕೆ ಬಾಗಿಸಿ, ಪಕ್ಕಕ್ಕೆ ಬಾಗಿಸಿ ಭಾರ ಬದಲಿಸಿ. ಮಾತಾಡಲು ಆಗದವರು ಚಡಪಡಿಸಿ ಜಾರುತ್ತಿದ್ದರೆ ಮೂತ್ರಕ್ಕೆ ಹೋಗಬೇಕಾ ಅಂತ ಕೇಳಿ. ತಲೆ, ಬೆನ್ನು ನಿಲ್ಲದಷ್ಟು ಸೋತವರಿಗೆ ಸೀಟು ಮತ್ತು ಬೆನ್ನು ಒಟ್ಟಿಗೆ ಹಿಂದಕ್ಕೆ ವಾಲುವ ಕುರ್ಚಿ ಬರುತ್ತದೆ. ಬರೀ ಬೆನ್ನು ಮಾತ್ರ ಮಲಗುವ ಕುರ್ಚಿ ತರಬೇಡಿ, ಬೆನ್ನು ಹಿಂದಕ್ಕೆ ಹೋದಂತೆ ಸೊಂಟ ಮುಂದಕ್ಕೆ ಬರುತ್ತದೆ. ಇಷ್ಟಾದ ಮೇಲೆ ಸೊಂಟದ ಬೆಲ್ಟ್, ಬೀದರ್ ತಮ್ಮ ಹೇಳಿದ ಹಾಗೆ. ಅಪ್ಪ ಎಡಗೈಯಲ್ಲಿ ಬಿಚ್ಚೋದು ನಿಮ್ಮೆದುರೇ ಮಾಡಿ ತೋರಿಸಬೇಕು.

ಸೇಡಂ ರಸ್ತೆ (ಕಲಬುರಗಿ)

ಕುರ್ಚಿ ಕೆಲಸ ಆಯಿತು. ಅಚ್ಚಿಗೆ ಮೇಲೆ ತೂತು ಇತ್ತು, ಎರಡು ಇಂಚು ಇಳಿಯಿತು. ಮುಂದೆ ಇರಲಿಲ್ಲ, ಗೆಳೆಯ ಚಿಕ್ಕ ಚಕ್ರದ ಕವಲು ಬದಲಿಸಿ ಸಮ ಮಾಡಿದ. ಹಲಗೆಗೆ ಕೊಕ್ಕೆ ಹಾಕುವಾಗ ಅಪ್ಪ ಪಕ್ಕದಲ್ಲೇ ಕೂತು ಒಂದೊಂದು ಕೊಕ್ಕೆಗೂ ಟೇಪು ಹಿಡಿಸಿದರು. ಒಂದು ಕೊಕ್ಕೆ ಕಾಲು ಇಂಚು ಮೇಲಿತ್ತು, ಬಿಚ್ಚಿಸಿ ಮತ್ತೆ ಹಾಕಿಸಿದರು. ಈಗ ಹಿಮ್ಮಡಿ ನೆಲಕ್ಕೆ ಕೂರುತ್ತದೆ. ಕ್ಯಾನ್ವಾಸ್ ಬೂಟು ಹಾಕಿದರೆ ಫರಸಿ ಮೇಲೆ ಹಿಡಿತವೂ ಇದೆ. ಊಟದ ಹೊತ್ತಿಗೆ ಸ್ವಲ್ಪ ಮುಂದೆ ಬಂದಿರುತ್ತಾರೆ, ಮೊದಲಿನ ಹಾಗಲ್ಲ. ಡಾಕ್ಟರು ಚರ್ಮಕ್ಕೆ ಸದ್ಯ ಭಯ ಇಲ್ಲ, ದಿನಾ ನೋಡುತ್ತಿರಿ ಅಂದರು. ಬೆಲ್ಟ್ ಬೇಡ ಅಂತ ಅಪ್ಪನೇ ಹೇಳಿದ್ದಾರೆ, ಮನೆಯಲ್ಲಿ. ಹೊರಗೆ ಹೋಗುವಾಗ ಹಾಕಿಕೊಳ್ಳುತ್ತಾರಂತೆ.

ಇನ್ನೊಂದು ಉಳಿದಿದೆ. ಫಿಜಿಯೋಗೆ ಆಟೋದಲ್ಲಿ ಹೋಗಬೇಕು. ಹಂಪ್ ಬಂದಾಗಲೆಲ್ಲ ಆಟೋ ಸೀಟಿನಿಂದ ಮುಂದಕ್ಕೆ ಬರುತ್ತಾರೆ.

ಶಹಾಬಾದ್ ಫರಸಿ

ಹಂಪ್‌ಗೆ ನಾವೂ ಬರುತ್ತೇವೆ ರೀ, ರಿಂಗ್ ರೋಡಿನಲ್ಲಿ.

ಮೂರನೇ ಗೇರ್ (ಬೀದರ್)

ಸೋತ ಬಲಗಡೆ ನೀವು ಕೂರಿ, ಎಡಗಡೆ ಅವರು ಕಂಬಿ ಹಿಡಿಯಲಿ. ಕುಂಡೆ ಪೂರ್ತಿ ಹಿಂದೆ, ಎಡ ಪಾದ ಡ್ರೈವರ್ ಸೀಟಿನ ಬುಡಕ್ಕೆ ಒತ್ತಿ ಇಡಲಿ. ಪರಿಚಯದ ಒಬ್ಬನೇ ಆಟೋದವನನ್ನು ಹಿಡಿದುಕೊಳ್ಳಿ, ನಿಧಾನಕ್ಕೆ ಹೋಗು ಅಂತ ದಿನಾ ಹೇಳೋದು ತಪ್ಪುತ್ತದೆ.

ತೊಗರಿ ಹೊಲ (ಚಿತ್ತಾಪುರ)

ನಮ್ಮ ಅಳಿಯನದು ಕಲಬುರಗಿಯಲ್ಲಿ ಆಟೋ ಇದೆ. ಮೆಸೇಜ್ ಹಾಕಿ, ನಂಬರ್ ಕೊಡುತ್ತೇನೆ. ಟವೆಲ್ ತರಬೇಡ ಅಂತ ಅವನಿಗೂ ಹೇಳಿರುತ್ತೇನೆ.